ಉಪ್ಪು ನೋಡುವ ಕೆಲಸ

ನಲವತ್ತು ಮಕ್ಕಳಿಗೆ ದಿನವೂ ಅಡುಗೆ ಮಾಡಿ ಬಡಿಸುತ್ತಿದ್ದ ಆ ಹೆಂಗಸು ಒಂದು ಮಗುವಿಗೂ, ಒಂದು ದಿನವೂ, ‘ತಿನ್ನು’ ಎಂದು ಹೇಳಿದ್ದನ್ನು ನಾನು ಕೇಳಲಿಲ್ಲ. ನಾನು ಮೂವತ್ತೊಂಬತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು. ಪುಟದಲ್ಲಿ ಇರುವುದಕ್ಕಿಂತ ಬಿಟ್ಟುಹೋದದ್ದು ನನ್ನ ಕಣ್ಣಿಗೆ ಬೇಗ ಬೀಳುತ್ತದೆ. ಹಾಗಾಗಿ ಶಿಶುವಿಹಾರದ ಅಡುಗೆಮನೆಯ ಮೂಲೆಯಲ್ಲಿ, ಮಕ್ಕಳಿಗೆಂದು ಮಾಡಿಸಿದ ಗೇಣುದ್ದದ ಸ್ಟೂಲಿನ ಮೇಲೆ ಮಂಡಿ ಗಲ್ಲಕ್ಕೆ ತಾಗುವಂತೆ ಕೂತು, ಮೊದಲ ವಾರದಲ್ಲೇ ನಾನು ಪತ್ತೆಹಚ್ಚಿದ್ದು ಆಕೆಯ ಮಾತಿನಿಂದ ಕಾಣೆಯಾಗಿದ್ದ ಈ ಒಂದು ಕ್ರಿಯಾಪದವನ್ನು. ಊಟದ ಹೊತ್ತಿಗೆ ಚಿಕ್ಕ ಮಕ್ಕಳಿರುವ ಯಾವ ಮನೆಯ ಮುಂದೆ ಹಾದುಹೋದರೂ ಕಿವಿಗೆ ಬೀಳುವುದು ಅದೊಂದೇ: ತಿನ್ನು, ಬೇಗ ತಿನ್ನು, ಇದೊಂದು ತುತ್ತು ತಿನ್ನು, ತಿನ್ನದಿದ್ದರೆ ನೋಡು. ಇಷ್ಟು ಬಳಕೆಯಲ್ಲಿರುವ ಮಾತನ್ನು ಬಿಟ್ಟು ಒಬ್ಬ ಅಡುಗೆಯವಳು ಹೇಗೆ ಕಾಲ ಹಾಕುತ್ತಾಳೆ ಎಂಬ ಕುತೂಹಲವೇ ನನ್ನನ್ನು ಅಲ್ಲಿ ಮೂರು ತಿಂಗಳು ಕೂರಿಸಿತು.

ಆಕೆಗೆ ಆಗ ಐವತ್ತೈದರ ಆಸುಪಾಸು. ಎತ್ತರದ ಆಳು, ವಿಶಾಲವಾದ ಬೆನ್ನು. ನಡೆಯುವಾಗ ಮೈಭಾರವನ್ನೆಲ್ಲ ಹಿಮ್ಮಡಿಗೆ ಕೊಟ್ಟು, ತುಂಬಿದ ಪಾತ್ರೆಯನ್ನು ಯಾವಾಗಲೂ ಹೊತ್ತೇ ಇರುವವಳಂತೆ, ತುಸು ಹಿಂದಕ್ಕೆ ಬಾಗಿ ನಡೆಯುತ್ತಿದ್ದಳು. ಸೀರೆಯ ಮೇಲೆ ಬೂದುಬಣ್ಣದ ಗಂಡಸರ ಕೋಟು. ಗಂಡ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದಾಗ ತೊಡುತ್ತಿದ್ದದ್ದಂತೆ. “ಅವರಿಗೆ ನಿವೃತ್ತಿ ಆಯ್ತು, ಕೋಟಿಗೆ ಆಗಲಿಲ್ಲ” ಎನ್ನುತ್ತಿದ್ದಳು. ನನ್ನಂಥವರು ಪೆನ್ನು ಸಿಕ್ಕಿಸಿಕೊಳ್ಳುವ ಎದೆಯ ಜೇಬಿನಲ್ಲಿ ಆಕೆ ಏಳು ಪುಟ್ಟ ಚಮಚಗಳನ್ನು ಸಿಕ್ಕಿಸಿಕೊಂಡಿರುತ್ತಿದ್ದಳು. ಆಕೆ ಬರುವ ಮೊದಲೇ ಅವುಗಳ ಕಿಣಿಕಿಣಿ ಬರುತ್ತಿತ್ತು. ಮಕ್ಕಳು ಆಕೆಯನ್ನು ಕರೆಯುತ್ತಿದ್ದದ್ದು ಚಮಚದಮ್ಮ ಎಂದು. ದೊಡ್ಡವರ ಲೋಕದಲ್ಲಿ ಚಮಚಾ ಎಂದರೆ ಏನರ್ಥವೆಂದು ಪಾಪ ಅವಕ್ಕೇನು ಗೊತ್ತು? ಯಾರ ಮುಂದೆಯೂ ಹಲ್ಲು ಗಿಂಜಿ ಗೊತ್ತಿಲ್ಲದ ಹೆಂಗಸಿಗೇ ಆ ಹೆಸರು ಬಂದು ಕೂತಿತ್ತು.

ಮಾತು ಕಡಿಮೆ. ಆಡಿದ ಮಾತಿನ ಬಾಲಕ್ಕೆ ಒಂದು ‘ನೀನೇ ಹೇಳು’ ಕಡ್ಡಾಯ. ತರಕಾರಿಯವನು ಗಾಡಿ ತಂದು ನಿಲ್ಲಿಸಿದರೆ, “ಈ ಕುಂಬಳಕಾಯಿ ಬಲಿತಿದ್ಯಾ? ನೀನೇ ಹೇಳು.” ಹಾಲಿನವಳು ಬಂದರೆ, “ಇದು ನೆನ್ನೆದಲ್ಲ ತಾನೆ? ನೀನೇ ಹೇಳು.” ಮೂರಡಿಯ ಮಗು ಬಂದು ಸೆರಗು ಜಗ್ಗಿದರೆ, “ಕ್ಯಾರೆಟ್ ದುಂಡಗೆ ಹೆಚ್ಚೋಣ್ವಾ ಉದ್ದಕ್ಕಾ? ನೀನೇ ಹೇಳು.” ಕೆಲವರಿಗೆ ‘ಅದೇನಪ್ಪಾಂದ್ರೆ’ ಇರುತ್ತದೆ, ಕೆಲವರಿಗೆ ‘ಗೊತ್ತಾಯ್ತಾ’, ಈಕೆಗೆ ಇದು ಎಂದುಕೊಂಡು ನಾನು ಅದನ್ನು ಮನಸ್ಸಿನಲ್ಲೇ ಗೀಟೆಳೆದು ತೆಗೆದುಹಾಕಿದ್ದೆ. ವೃತ್ತಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪುಗಳಲ್ಲಿ ಅದೊಂದು.

ನಾನು ಅಲ್ಲಿಗೆ ಹೋದದ್ದು ಹೊಟ್ಟೆಯ ಸಂಕಟಕ್ಕೆ. ನನ್ನದಲ್ಲ, ಮೊಮ್ಮಗಳದ್ದು. ಐದು ವರ್ಷದ ನಮ್ಮ ಪುಟ್ಟಿ ಮೂರೇ ಪದಾರ್ಥ ತಿನ್ನುತ್ತಿದ್ದಳು: ಹಾಲು, ಅಂಚು ಕತ್ತರಿಸಿದ ಬ್ರೆಡ್ಡು, ಬಾಳೆಹಣ್ಣಿನ ಒಳಗಿನ ತಿರುಳು. ಬಿಳಿ ಬಿಟ್ಟು ಬೇರೆ ಬಣ್ಣದ ವಸ್ತು ತಟ್ಟೆಗೆ ಬಿದ್ದರೆ ತುಟಿ ಹೊಲಿದ ಹಾಗೆ ಮುಚ್ಚಿಕೊಳ್ಳುತ್ತಿದ್ದವು. ನಾವೇನು ಕಡಿಮೆ ಪಾಡು ಪಟ್ಟೆವೇ? ಕಾಗೆ ತೋರಿಸಿದೆವು, ಗುಬ್ಬಿ ತೋರಿಸಿದೆವು, ಆಮಿಷ ಒಡ್ಡಿದೆವು, ಗದರಿದೆವು. ನಾನಂತೂ ಬೆಂದ ಹೂಕೋಸನ್ನು ಅವಳೆದುರು ಕಣ್ಣರಳಿಸಿ ಚಪ್ಪರಿಸಿ ತಿಂದು, ಹೊಟ್ಟೆ ಕೆಡಿಸಿಕೊಂಡು ಎರಡು ದಿನ ಮಲಗಿದೆ. ವೈದ್ಯರ ಬಳಿ ಅವಳ ತೂಕದ ಗೆರೆ ಎಳೆದ ಒಂದು ಹಾಳೆಯಿತ್ತು. ಹದಿನಾಲ್ಕು ತಿಂಗಳಿಂದ ಆ ಗೆರೆ ಮೇಲೇಳದೆ ಮಲಗಿತ್ತು. “ಇನ್ನು ಮೂರು ತಿಂಗಳು ನೋಡೋಣ. ಆಗಲೂ ಏರದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಗೆ ಹಾಕಬೇಕಾಗುತ್ತೆ” ಎಂದರು ಅವರು. ನನ್ನ ಮಗಳು ಅದೇ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವವಳು. ಹೊರಗೆ ಬೆಂಚಿನ ಮೇಲೆ ಕೂತು, “ಆ ನಳಿಗೆ ಹಾಕೋದನ್ನ ನಾನು ದಿನಾ ನೋಡ್ತೀನಪ್ಪ. ನನ್ನ ಮಗೂಗೆ ಹಾಕೋದನ್ನ ನೋಡೋಕೆ ನನ್ನ ಕೈಲಾಗಲ್ಲ” ಎಂದಳು.

ಊಟ ಸೇರದ ಮಕ್ಕಳನ್ನು ಅಡುಗೆಮನೆಗೆ ಕಳಿಸುವುದು ಮೊಮ್ಮಗಳು ಹೋಗುತ್ತಿದ್ದ ಶಿಶುವಿಹಾರದ ಪದ್ಧತಿ. ಪುಟ್ಟಿಯನ್ನು ನಾನೇ ಕರೆದುಕೊಂಡು ಹೋದೆ. ಚಮಚದಮ್ಮ ಮಗುವಿನ ಮುಖ ನೋಡಲಿಲ್ಲ, ಬಡಕಲು ತೋಳು ನೋಡಿ ಅಯ್ಯೋ ಎನ್ನಲಿಲ್ಲ. ಕೈ ಹಿಡಿದು ಬೆರಳುಗಳನ್ನು ತಿರುಗಿಸಿ ನೋಡಿದಳು. “ಉಗುರು ಚೆನ್ನಾಗಿದೆ. ಬೀನ್ಸಿನ ನಾರು ತೆಗೆಯೋಕೆ ಇಂಥದ್ದೇ ಬೇಕು. ನಂದು ಸವೆದುಹೋಗಿದೆ. ಆಗುತ್ತಾ? ನೀನೇ ಹೇಳು.” ಪುಟ್ಟಿ ತನ್ನ ಉಗುರನ್ನು ಮೊದಲ ಸಲ ನೋಡುವವಳಂತೆ ನೋಡಿಕೊಂಡು ತಲೆಯಾಡಿಸಿದಳು. ಆ ಕ್ಷಣಕ್ಕೆ ಕಾದಿದ್ದವನಂತೆ ನಾನು, “ಹಾಗೇ ಒಂದೆರಡು ತಿನ್ನಮ್ಮ, ಬೀನ್ಸು ಮೈಗೆ ಒಳ್ಳೇದು” ಎಂದು ಬಾಯಿ ಹಾಕಿದೆ. ಆಕೆ ಮಣ್ಣು ಮೆತ್ತಿದ ಎರಡು ಕಂತೆ ಸೊಪ್ಪನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಕೈಗೆ ಕೆಲಸ ಬಿದ್ದರೆ ಬಾಯಿ ಮುಚ್ಚುತ್ತದೆ ಎಂಬುದು ನನಗೆ ತಿಳಿದದ್ದು ಅರವತ್ಮೂರನೆಯ ವಯಸ್ಸಿನಲ್ಲಿ.

ಆ ಅಡುಗೆಮನೆಯ ಕಾರಭಾರ ನೋಡುವ ಹಾಗಿತ್ತು. ದಿನಕ್ಕೆ ಏಳು ಮಕ್ಕಳು, ಸರದಿಯ ಮೇಲೆ; ಪುಟ್ಟಿಯಂಥ ಊಟ ಸೇರದವರು ಮಾತ್ರ ದಿನವೂ. ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ಬಂದವರಿಗಷ್ಟೇ ಪ್ರವೇಶ. ಒಲೆಯ ಸುತ್ತ ಸೀಮೆಸುಣ್ಣದ ಒಂದು ಗೆರೆ. ಅದನ್ನು ದಾಟುವ ಅಧಿಕಾರ ಆಕೆಗೊಬ್ಬಳಿಗೇ. ಗೆರೆಯ ಈಚೆ ಬಟಾಣಿ ಬಿಡಿಸುವವರು, ಸೊಪ್ಪಿನ ದಂಟು ಮುರಿಯುವವರು, ಬೆಂದ ಬೀಟ್‌ರೂಟಿನ ಸಿಪ್ಪೆ ಜಾರಿಸಿ ಅಂಗೈ ಕೆಂಪು ಮಾಡಿಕೊಂಡು ಒಬ್ಬರಿಗೊಬ್ಬರು ತೋರಿಸುವವರು. ಬಿಡಿಸಿದ ಬಟಾಣಿಯಲ್ಲಿ ಮೂರರಲ್ಲೊಂದು ಬಟ್ಟಲಿಗೆ ಬದಲು ಬಾಯಿಗೆ ಹೋಗುತ್ತಿತ್ತು. ಆಕೆ ಅದನ್ನು ಕಂಡೂ ಕಾಣದ ಹಾಗಿರುತ್ತಿದ್ದಳು. ಇವೆಲ್ಲಕ್ಕೂ ಮೇಲಿನ ಹುದ್ದೆ ಒಂದಿತ್ತು: ಉಪ್ಪು ನೋಡುವುದು. ಪಾತ್ರೆ ಕೆಳಗಿಳಿದು ತುಸು ಆರಿದ ಮೇಲೆ ಆಕೆ ಜೇಬಿನಿಂದ ಒಂದು ಚಮಚ ತೆಗೆದು, ಅಂದಿನ ಸರದಿಯ ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು, “ಉಪ್ಪು ನೋಡು” ಎನ್ನುತ್ತಿದ್ದಳು. ಕಣ್ಣಿಗೆ ಕಾಣದ ಉಪ್ಪನ್ನು ನಾಲಗೆಯಿಂದ ‘ನೋಡು’ ಎನ್ನುವ ನಮ್ಮ ಭಾಷೆಯ ಚಮತ್ಕಾರವನ್ನು ನಾನು ಅಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಆ ಮಾತಿನಲ್ಲಿ ತಿನ್ನುವುದರ ಸುಳಿವೇ ಇಲ್ಲ, ಅದೊಂದು ಪರೀಕ್ಷಾಧಿಕಾರ.

ಹನ್ನೊಂದು ದಿನ ಪುಟ್ಟಿ ನಾರು ತೆಗೆದಳೇ ವಿನಾ ಒಂದು ಚೂರು ಬೀನ್ಸನ್ನೂ ಬಾಯಿಗಿಡಲಿಲ್ಲ. ನಾನು ಒಳಗೊಳಗೇ ಕುದಿಯುತ್ತಿದ್ದೆ. ಹನ್ನೆರಡನೆಯ ದಿನ ಉಪ್ಪು ನೋಡುವ ಸರದಿಯ ಹುಡುಗಿಗೆ ನೆಗಡಿ, ಬಂದಿರಲಿಲ್ಲ. ಚಮಚದಮ್ಮ ಕುಂಬಳಕಾಯಿಯ ಸೂಪಿನ ಪಾತ್ರೆಯನ್ನು ಇಳಿಸಿ, ಸುತ್ತ ಕಣ್ಣಾಡಿಸಿ, ಪುಟ್ಟಿಯ ಮುಂದೆ ಬಂದು ಕೂತಳು. “ಉಪ್ಪು ನೋಡು. ನಂಗೆ ಗೊತ್ತಾಗ್ತಿಲ್ಲ.” ಹಳದಿ ಬಣ್ಣದ ಸೂಪು. ನಾನು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದೆ. ಪುಟ್ಟಿ ಚಮಚವನ್ನು ನೋಡಿದಳು, ಆಕೆಯ ಮುಖವನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ನಾಲಗೆಯ ತುದಿಯನ್ನು ಮಾತ್ರ ಮುಟ್ಟಿಸಿದಳು.

“ಇಲ್ಲ” ಎಂದಳು.

“ಏನಿಲ್ಲ?”

“ಉಪ್ಪು.”

ಆಕೆ ಚಿಟಿಕೆ ಉಪ್ಪು ಹಾಕಿ ತಿರುವಿದಳು. “ಈಗ?” ಇನ್ನೊಂದು ಚಮಚ. “ಸ್ವಲ್ಪ ಬಂತು.” “ಸ್ವಲ್ಪ ಸಾಕಾ, ಇನ್ನೂ ಬೇಕಾ? ನೀನೇ ಹೇಳು.” ಖಚಿತಪಡಿಸಿಕೊಳ್ಳಲು ಮತ್ತೊಂದು. ಹೀಗೆ ಐದು ಚಮಚ ಕುಂಬಳಕಾಯಿ ನನ್ನ ಮೊಮ್ಮಗಳ ಗಂಟಲಿಳಿಯಿತು, ಅದೂ ಹುಬ್ಬು ಗಂಟಿಕ್ಕಿದ ಒಬ್ಬ ಜವಾಬ್ದಾರಿಯುತ ಅಧಿಕಾರಿಯ ಗತ್ತಿನಲ್ಲಿ. ನಾನು ಸೊಪ್ಪಿನ ಕಂತೆಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅಲ್ಲಿಂದ ಮುಂದೆ ಅವಳ ನಾಲಗೆಗೆ ಕೋಡು ಮೂಡಿತು. ಮೂಲಂಗಿ ಇವತ್ತು ಜಗಳಗಂಟಿ, ಸೊಪ್ಪು ಕಹಿ, ಕ್ಯಾರೆಟ್ಟಿಗೆ ಏನೂ ಹೇಳುವುದಕ್ಕಿಲ್ಲ, ಹೀಗೆ ದಿನಕ್ಕೊಂದು ತೀರ್ಪು. ತಾನು ‘ನೋಡಿ’ ಒಪ್ಪಿದ್ದನ್ನು ತಟ್ಟೆಯಲ್ಲಿ ಹಾಕಿಸಿಕೊಂಡು ತಿನ್ನುವುದರಲ್ಲಿ ಅವಳಿಗೊಂದು ಹಮ್ಮು. ನಾನು ಇದನ್ನು ಮನೆಗೆ ಸಾಗಿಸಲು ಹೊರಟೆ. ಮಗಳು ಮಾಡಿಟ್ಟ ಬಟಾಣಿ ಸೂಪನ್ನು ಚಮಚದಲ್ಲಿ ಹಿಡಿದು, ಕುಕ್ಕರುಗಾಲಲ್ಲಿ ಕೂತು, ದನಿಯನ್ನೂ ಅದೇ ಹದಕ್ಕೆ ತಂದು, “ಪುಟ್ಟಿ, ಉಪ್ಪು ನೋಡು. ನಂಗೆ ಗೊತ್ತಾಗ್ತಿಲ್ಲ” ಎಂದೆ. ಅವಳು ನನ್ನ ಮುಖವನ್ನು ಒಂದು ಸಲ ನೋಡಿ, “ಸುಳ್ಳು. ನೀನು ಆಗ್ಲೇ ನೋಡಿದ್ದೀಯ ತಾತ” ಎಂದು ಎದ್ದುಹೋದಳು. ಮೂರು ದಿನ ಪ್ರಯತ್ನಿಸಿದೆ, ಮೂರು ದಿನವೂ ಸಿಕ್ಕಿಬಿದ್ದೆ. ಅದೇ ಮಾತು, ಅದೇ ಚಮಚ, ಅದೇ ಮಗು. ಅಲ್ಲಿ ನಡೆದದ್ದು ಇಲ್ಲೇಕೆ ನಡೆಯದು? ಈ ಪ್ರಶ್ನೆ ನನ್ನನ್ನು ಮಾತ್ರೆಯೊಂದು ಬಿಟ್ಟುಹೋದ ಛಂದಸ್ಸಿನಂತೆ ಕಾಡಿತು. ಒಂದು ದಿನ ಆಕೆಯನ್ನೇ ಹೊಗಳಿ ಬಾಯಿಬಿಡಿಸಲು ನೋಡಿದೆ: “ಉಪ್ಪು ನೋಡಿಸೋ ನಿಮ್ಮ ಉಪಾಯ ಭಾರಿ ಚೆನ್ನಾಗಿದೆ.” ಆಕೆ ಅರ್ಥವಾಗದವಳಂತೆ, “ಉಪಾಯ ಏನು ಬಂತು ಯಜಮಾನ್ರೆ, ಉಪ್ಪು ನೋಡಬೇಕಲ್ಲ” ಎಂದು ಪಾತ್ರೆ ಉಜ್ಜತೊಡಗಿದಳು.

ಉತ್ತರ ಸಿಕ್ಕಿದ್ದು ಎರಡನೆಯ ತಿಂಗಳ ಕೊನೆಗೆ. ಮಕ್ಕಳು ಕೈ ತೊಳೆಯಲು ಹೊರಗೆ ಹೋಗಿದ್ದರು. ಒಲೆಯ ಮೇಲೆ ಹಾಲಿತ್ತು, ಆಕೆ ನನಗೆ ಬೆನ್ನು ಮಾಡಿ ಸೌಟಾಡಿಸುತ್ತಿದ್ದಳು. ತಳ ಹಿಡಿದ ವಾಸನೆ ಮೊದಲು ಸಣ್ಣಗೆ ಬಂತು, ಆಮೇಲೆ ಬೀದಿಯಲ್ಲಿ ಹೋಗುವವರೂ ಮೂಗು ಮುಚ್ಚಿಕೊಳ್ಳುವ ಹಾಗೆ ಬಂತು. ಆಕೆ ಏನೋ ಗುನುಗುತ್ತ ಸೌಟಾಡಿಸುತ್ತಲೇ ಇದ್ದಳು. “ಅಮ್ಮಾ, ಹಾಲು ಸೀದಿದೆ” ಎಂದೆ. ಆಕೆ ಬೆಚ್ಚಿ ಒಲೆ ಆರಿಸಿದಳು. ಒಂದು ಚಮಚ ಹಾಲನ್ನು ಬಾಯಿಗಿಟ್ಟುಕೊಂಡು, ನುಂಗಿ, ನನ್ನ ಕಡೆಗೆ ತಿರುಗಿದಳು. “ಸೀದಿದ್ಯಾ? ನೀವೇ ಹೇಳಿ.”

ಆ ‘ನೀವೇ ಹೇಳಿ’ ಅಂದು ಮೊದಲ ಸಲ ನನಗೆ ಸರಿಯಾಗಿ ಕೇಳಿಸಿತು.

“ಆರು ವರ್ಷ ಆಯ್ತು” ಎಂದಳು ಆಕೆ, ನನ್ನೆದುರಿನ ಇನ್ನೊಂದು ಪುಟ್ಟ ಸ್ಟೂಲಿನ ಮೇಲೆ ಕೂತು. “ಒಂದು ಜ್ವರ ಬಂತು. ಹೋಗುವಾಗ ವಾಸನೆ, ರುಚಿ ಎರಡನ್ನೂ ಕಟ್ಕೊಂಡು ಹೋಯ್ತು. ಆಗ ಹಾಸ್ಟೆಲಿನಲ್ಲಿ ಅಡುಗೆ ಮಾಡ್ತಿದ್ದೆ. ಒಂದಿನ ಉಪ್ಪು ಎರಡು ಸಲ ಬಿತ್ತು, ಇನ್ನೊಂದಿನ ಬೀಳಲೇ ಇಲ್ಲ. ಬಿಡಿಸಿಬಿಟ್ರು. ಇಲ್ಲಿಗೆ ಸೇರಿದ ಮೊದಲನೇ ದಿನ ಉಪ್ಪಿನ ಡಬ್ಬಿ ಹಿಡ್ಕೊಂಡು ಪಾತ್ರೆ ಮುಂದೆ ನಿಂತಿದ್ದೆ. ಬಾಗಿಲಲ್ಲಿ ಒಂದು ಮಗು ನಿಂತಿತ್ತು. ಕರೆದು, ಉಪ್ಪು ನೋಡು ಅಂದೆ. ಅಷ್ಟೇ.”

“ಅಳತೆ ಮಾಡಿ ಹಾಕಬಹುದಲ್ಲ?”

“ಹಾಕ್ತೀನಿ. ಉಪ್ಪಿಗೆ ಅಳತೆ ಇದೆ, ಸೊಪ್ಪಿಗೆ ಇಲ್ಲ. ಒಂದಿನ ಕಹಿ ಇರುತ್ತೆ, ಒಂದಿನ ಸಪ್ಪೆ ಇರುತ್ತೆ. ಉಪ್ಪು ಹಾಕಿದ್ನಾ ಇಲ್ವಾ ಅಂತಾನೇ ಎಷ್ಟೋ ಸಲ ಮರೆತುಹೋಗುತ್ತೆ.”

“ಮಕ್ಕಳಿಗೆ ಗೊತ್ತಾ?”

ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. “ಅವರಿಗೆ ದಿನಾ ಹೇಳ್ತೀನಲ್ಲ, ನಂಗೆ ಗೊತ್ತಾಗಲ್ಲ, ನೀನೇ ಹೇಳು ಅಂತ. ದೊಡ್ಡವರಿಗೆ ಮಾತ್ರ ಹೇಳಿಲ್ಲ. ನೀವೂ ಹೇಳ್ಬೇಡಿ. ರುಚಿ ಗೊತ್ತಿಲ್ಲದ ಅಡುಗೆಯವಳನ್ನ ಯಾರು ಇಟ್ಕೋತಾರೆ?” ನಾನು ಮಾತು ಕೊಟ್ಟೆ. ಅಂದು ಮನೆಗೆ ನಡೆದು ಹೋಗುವಾಗ, ಪುಟ್ಟಿ ನನ್ನ ಮುಖದಲ್ಲಿ ಏನನ್ನು ಹುಡುಕಿ ಕಾಣದೆ ಎದ್ದುಹೋಗಿದ್ದಳು ಎಂಬುದು ನನಗೆ ಹೊಳೆಯಿತು.

ಮೂರನೆಯ ತಿಂಗಳಿಗೆ ಶಿಶುವಿಹಾರಕ್ಕೆ ಹೊಸ ಮೇಡಂ ಬಂದರು. ಕೆಟ್ಟವರಲ್ಲ, ಜಾಗರೂಕರು. ಅದೇ ವಾರ ಬೇರೆ ತರಗತಿಯ ಮಗುವೊಂದು ಅಡುಗೆಮನೆಗೆ ಓಡಿಬಂದು, ಸಿಪ್ಪೆಯ ಮೇಲೆ ಜಾರಿ, ಗಲ್ಲ ಸೀಳಿಕೊಂಡು ಎರಡು ಹೊಲಿಗೆ ಹಾಕಿಸಿಕೊಂಡಿತು. ಮರುದಿನ ಬಾಗಿಲಿಗೆ ಒಂದು ಚೀಟಿ ಅಂಟಿತು: ‘ಮಕ್ಕಳಿಗೂ ಹೊರಗಿನವರಿಗೂ ಪ್ರವೇಶವಿಲ್ಲಾ.’ ಕೊನೆಯಕ್ಷರಕ್ಕೆ ಬೇಡದ ದೀರ್ಘ ಬೇರೆ. ಆ ವಾರ ಪುಟ್ಟಿ ಊಟದ ಕೋಣೆಯಲ್ಲಿ ತಟ್ಟೆಯ ಮುಂದೆ ಕೂತು, “ಇದನ್ನ ಯಾರು ನೋಡಿದ್ದು?” ಎಂದು ಕೇಳಿದಳು. ಯಾರೂ ಇಲ್ಲ ಎಂದಾಗ ತುಟಿ ಮತ್ತೆ ಹೊಲಿದುಕೊಂಡವು. ತೂಕ ನೋಡಿಸುವ ದಿನಕ್ಕೆ ಇನ್ನು ಒಂದೇ ವಾರವಿತ್ತು. ಮಗಳು ನನಗೆ ಕಾಣಿಸದಂತೆ ಆಸ್ಪತ್ರೆಗೆ ಬೇಕಾಗುವ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿಟ್ಟಿದ್ದಳು. ನಾನು ಮೇಡಂ ಬಳಿ ಹೋಗಿ ಗೋಗರೆದೆ. “ತರಕಾರಿ ತಿನ್ನಿಸೋದಕ್ಕೆ ಅಡುಗೆಮನೆಗೇ ಯಾಕೆ ಬಿಡಬೇಕು ಸರ್? ಚಿತ್ರ ತೋರಿಸಿ ಪಾಠ ಮಾಡೋಣ” ಎಂದರು. ಯಾಕೆಂಬ ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ಆಡಿದರೆ ಆಕೆಯ ಕೆಲಸ ಹೋಗುತ್ತದೆ, ಆಡದಿದ್ದರೆ ನನ್ನ ಮಗು ಸೊರಗುತ್ತದೆ. ಕೊಟ್ಟ ಮಾತು ನುಂಗಲು ಬರಲಿಲ್ಲ. ಕೈಮುಗಿದು ಎದ್ದು ಬಂದೆ.

ಚೀಟಿ ಅಂಟಿದ ಐದನೆಯ ದಿನ ಮಧ್ಯಾಹ್ನ ಮೇಡಂ ತಾವೂ ಮಕ್ಕಳ ಜೊತೆ ಊಟಕ್ಕೆ ಕೂತರು. ನಾನು ಬಾಗಿಲಲ್ಲಿ ನಿಂತಿದ್ದೆ. ಚಮಚದಮ್ಮ ಸೂಪು ಬಡಿಸಿ ಗೋಡೆಗೆ ಆತು ನಿಂತಿದ್ದಳು. ಕೈ ಮತ್ತೆಮತ್ತೆ ಎದೆಯ ಜೇಬಿಗೆ ಹೋಗುತ್ತಿತ್ತು. ಮೇಡಂ ಚಮಚ ಎತ್ತಿದರು. ಅಷ್ಟರಲ್ಲಿ ಪುಟ್ಟಿ ಎದ್ದು, ನೆಟ್ಟಗೆ ಅವರ ಬಳಿ ಹೋಗಿ, ಅವರ ಮೊಣಕೈ ಹಿಡಿದಳು.

“ತಡೀರಿ ಮೇಡಂ. ಇನ್ನೂ ಯಾರೂ ಉಪ್ಪು ನೋಡಿಲ್ಲ.”

ನಲವತ್ತು ಮಕ್ಕಳು ಚಮಚ ಕೆಳಗಿಟ್ಟವು. ಪುಟ್ಟಿ ಚಮಚದಮ್ಮನ ಮುಂದೆ ಹೋಗಿ ಅಂಗೈ ಚಾಚಿದಳು. ಆಕೆ ಒಂದು ಗಳಿಗೆ ಮೇಡಂ ಕಡೆ ನೋಡಿ, ಜೇಬಿನಿಂದ ಚಮಚ ತೆಗೆದು ಕೊಟ್ಟಳು. ಪುಟ್ಟಿ ಪಾತ್ರೆಯಿಂದ ತುಂಬ ಒಂದು ಚಮಚ ತೆಗೆದು, ಊದಿ, ಬಾಯಿಗಿಟ್ಟು, ಕಣ್ಣು ಮುಚ್ಚಿ ನೋಡಿದಳು.

“ಇಲ್ಲ. ಉಪ್ಪೇ ಇಲ್ಲ. ಚೂರೂ ಇಲ್ಲ.”

ಮೇಡಂ ತಮ್ಮ ಬಟ್ಟಲಿನದನ್ನು ಬಾಯಿಗಿಟ್ಟು ಮುಖ ಸಿಂಡರಿಸಿದರು. “ಅಡುಗೆ ಮಾಡಿದವರು ನೀವು. ನೋಡ್ಲಿಲ್ವಾ?”

“ನೋಡಿದೆ ಮೇಡಂ” ಎಂದಳು ಆಕೆ. “ನಂಗೆ ಗೊತ್ತಾಗಲ್ಲ.” ಜ್ವರ, ಹಾಸ್ಟೆಲು, ಬಾಗಿಲಲ್ಲಿ ನಿಂತಿದ್ದ ಮಗು, ಎಲ್ಲವನ್ನೂ ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸಿದಳು. ಆಮೇಲೆ ಜೇಬಿನಲ್ಲಿ ಉಳಿದ ಆರು ಚಮಚಗಳನ್ನು ಒಂದೊಂದಾಗಿ ತೆಗೆದು ಮೇಡಂ ಮುಂದಿನ ಮೇಜಿನ ಮೇಲೆ ಇಡತೊಡಗಿದಳು. ಪುಟ್ಟಿಗೆ ಮಾತ್ರ ಈ ದೊಡ್ಡವರ ನಾಟಕ ತಲೆಗೆ ಹೋಗಲಿಲ್ಲ. ಕೈಯಲ್ಲಿದ್ದ ಚಮಚದಿಂದ ಆಕೆಯ ಕೋಟನ್ನು ತಟ್ಟಿ, “ಉಪ್ಪು ತಗೊಂಡ್ ಬಾ, ಸೂಪು ಆರ್ತಾ ಇದೆ” ಎಂದಳು.

ಆಕೆ ಮೇಡಂ ಮುಖ ನೋಡಿದಳು. ಮೇಡಂ ಮಗುವಿನ ಮುಖ ನೋಡಿದರು. “ತನ್ನಿ” ಎಂದರು.

ಉಪ್ಪು ಬಂತು. ಪುಟ್ಟಿ ನಾಲ್ಕು ಸಲ ನೋಡಿದಳು, ನಾಲ್ಕನೆಯದಕ್ಕೆ “ಈಗ ಸರಿ” ಎಂದು ತನ್ನ ಜಾಗಕ್ಕೆ ಹೋಗಿ ಕೂತು, ಬಟ್ಟಲು ತುಂಬ ಹಾಕಿಸಿಕೊಂಡು, ತಳ ಕಾಣುವವರೆಗೆ ತಲೆ ಎತ್ತಲಿಲ್ಲ. ಮರುದಿನ ಮೇಡಂ ಬಾಗಿಲ ಚೀಟಿಯನ್ನು ಕಿತ್ತು ತಂದು, “ನೀವು ತಿದ್ದೋರಂತಲ್ಲ, ಇದನ್ನ ತಿದ್ದಿಕೊಡಿ” ಎಂದು ನನ್ನ ಕೈಗಿತ್ತರು. ಇಬ್ಬರೂ ಕೂತು ತಿದ್ದಿದೆವು. ‘ಮಗುವೊಂದು ಉಪ್ಪು ನೋಡದೆ ಯಾವ ಪಾತ್ರೆಯೂ ಈ ಬಾಗಿಲು ದಾಟತಕ್ಕದ್ದಲ್ಲ’ ಎಂಬುದು ಇಂದಿಗೂ ಅಲ್ಲಿದೆ. ಕೆಳಗೆ, ಓಡಿಬರುವವರಿಗೆ ಪ್ರವೇಶವಿಲ್ಲ ಎಂಬ ಇನ್ನೊಂದು ಸಾಲೂ ಇದೆ. ಏಳು ಚಮಚಗಳು ಕೋಟಿನ ಜೇಬಿಗೆ ಮರಳಿದವು. ಆ ವಾರದ ಕೊನೆಗೆ ವೈದ್ಯರ ಹಾಳೆಯ ಮೇಲೆ ಗೆರೆ ಕೊಂಚ ತಲೆಯೆತ್ತಿತು, ಆರುನೂರು ಗ್ರಾಮಿನಷ್ಟು. ಮಗಳು ಎರಡೆರಡು ಸಲ ತೂಕ ಮಾಡಿಸಿದಳು. ಮನೆಗೆ ಬಂದು ಚೀಲದ ಬಟ್ಟೆಗಳನ್ನು ತೆಗೆದು ಕಪಾಟಿನಲ್ಲಿಟ್ಟಳು.

ನಾನೀಗ ಸಂಜೆಯ ಅಡುಗೆಯನ್ನು ವಹಿಸಿಕೊಂಡಿದ್ದೇನೆ. ಜೀವಮಾನದಲ್ಲಿ ಒಲೆ ಹಚ್ಚಿದವನಲ್ಲ. ಸೊಪ್ಪು ಎಷ್ಟು ಹೊತ್ತು ಬೇಯಬೇಕು, ಬಟಾಣಿಗೆ ಎಷ್ಟು ನೀರು ಎಂಬುದು ನನಗೆ ದೇವರಾಣೆಗೂ ತಿಳಿಯದು. ಪಾತ್ರೆಯ ಮುಂದೆ ಕೈಕಟ್ಟಿ ನಿಂತು, “ಪುಟ್ಟಿ, ಇದು ಬೆಂದಿದ್ಯಾ?” ಎಂದು ಕೂಗುತ್ತೇನೆ. ಅವಳು ಬಂದು ನನ್ನ ಮುಖ ನೋಡುತ್ತಾಳೆ. ಅಲ್ಲಿ ಈಗ ಸುಳ್ಳಿರುವುದಿಲ್ಲ. ಚಮಚ ಇಸಿದುಕೊಳ್ಳುತ್ತಾಳೆ.

ಮಕ್ಕಳಿಗೆ ಒಳ್ಳೆಯದನ್ನು ಕಲಿಸಲು ಹೊರಟ ಜನ ಲೋಕದ ತುಂಬ ಇದ್ದೇವೆ. ನಮ್ಮ ಕೈಯಲ್ಲಿ ಸದಾ ಒಂದು ಕೆಂಪು ಪೆನ್ಸಿಲು, ಬಾಯಲ್ಲಿ ಸದಾ ಒಂದು ವಿಧ್ಯರ್ಥ: ತಿನ್ನು, ಕೂರು, ಕಲಿ, ಬೆಳೆ. ಚಮಚದಮ್ಮನ ಕುಲದವರು ಅಪರೂಪ. ಅವರು ತಮ್ಮ ಕೊರತೆಯನ್ನು ಮಕ್ಕಳಿಂದ ಮುಚ್ಚಿಟ್ಟುಕೊಳ್ಳದೆ, ಮಗುವಿನ ಎತ್ತರಕ್ಕೆ ಕುಕ್ಕರಿಸಿ ಕೂತು, ನಿಜವಾಗಿ ತಿಳಿಯದ್ದನ್ನು ನಿಜವಾಗಿ ಕೇಳುತ್ತಾರೆ. ಉತ್ತರ ಬರುವವರೆಗೆ ಕಾಯುತ್ತಾರೆ, ಬಂದ ಉತ್ತರದಂತೆ ನಡೆಯುತ್ತಾರೆ. ಕಾಳಜಿಯನ್ನು ನಟಿಸಬಹುದು, ಮೆಚ್ಚುಗೆಯನ್ನು ನಟಿಸಬಹುದು, ಅಗತ್ಯವನ್ನು ಮಕ್ಕಳ ಮುಂದೆ ನಟಿಸಲು ಬರುವುದಿಲ್ಲ. ತಾನಿಲ್ಲದೆ ಒಬ್ಬರ ಪಾತ್ರೆ ಬಾಗಿಲು ದಾಟದು ಎಂದು ತಿಳಿದ ಮಗು ಹಸಿವಿದ್ದರೂ ಇಲ್ಲದಿದ್ದರೂ ಬಾಯಿ ತೆರೆಯುತ್ತದೆ.